ಮೌನವು ಒಪ್ಪಿಗೆಯಲ್ಲ

ಸಂಶಯಕ್ಕೆ ಗುರಿಯಾದ ಮನುಷ್ಯನು ಪೋಲೀಸರೊಡನೆ ಮಾತನಾಡಬೇಕೆ, ಬೇಡವೆ ಎಂಬುದು ನಮ್ಮ ಹಳ್ಳಿಗಳಲ್ಲಿ ಒಂದು ಪ್ರಶ್ನೆಯಾಗಿಯೇ ತೋರುವುದಿಲ್ಲ. ಬೆಳುವಾಯಿಯಂತಹ ಊರೊಂದರಲ್ಲಿ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯು ಬೆಳಗಾಗುವುದರೊಳಗೆ ಕಾಣೆಯಾಯಿತೆಂದು ತಿಳಿಯೋಣ. ಮನೆಯ ಯಜಮಾನನು ಮೂಡುಬಿದಿರೆಯ ಠಾಣೆಗೆ ಹೋಗಿ ದೂರು ಕೊಡುತ್ತಾನೆ. ಯಾರ ಮೇಲೆ ಸಂಶಯವೆಂದು ಅಲ್ಲಿ ಕೇಳಿದರೆ ಮೊದಲು ನಾಲಗೆಗೆ ಬರುವ ಹೆಸರು ತೋಟಕ್ಕೆ ಬಂದು ಹೋಗುವ ಕೂಲಿಯವನದು. ಮರುದಿನ ಅವನಿಗೆ ಫೋನು ಬರುತ್ತದೆ: "ಒಮ್ಮೆ ಸ್ಟೇಷನ್ನಿಗೆ ಬಂದು ಹೋಗು ಮಾರಾಯ, ಸ್ವಲ್ಪ ಕೇಳಲಿಕ್ಕುಂಟು."

ಆಗ ಅವನಿಗೆ ಊರಿನಲ್ಲಿ ದೊರೆಯುವ ಬುದ್ಧಿವಾದಗಳು ಎರಡೇ. "ನೀನು ತಪ್ಪು ಮಾಡಿಲ್ಲವಷ್ಟೆ? ಹಾಗಾದರೆ ಹೆದರಿಕೆ ಏತಕ್ಕೆ? ಹೋಗಿ ಇದ್ದದ್ದನ್ನೆಲ್ಲ ಹೇಳಿ ಬಾ" ಎಂಬುದು ಹಿರಿಯರದು. "ನಾಲ್ಕು ದಿನ ಘಟ್ಟದ ಮೇಲೆ ಎಲ್ಲಿಯಾದರೂ ಇದ್ದು ಬಾ, ಗಲಾಟೆ ತಣ್ಣಗಾಗಲಿ" ಎಂಬುದು ಗೆಳೆಯರದು. ಇವೆರಡೂ ಸರಿಯಾದ ದಾರಿಯಲ್ಲವೆಂಬುದು ನಮ್ಮ ಮತವು. ಕರೆದಲ್ಲಿಗೆ ಹೋಗತಕ್ಕದ್ದು, ಹೆಸರನ್ನೂ ವಿಳಾಸವನ್ನೂ ಸರಿಯಾಗಿ ಹೇಳತಕ್ಕದ್ದು, ಸುಳ್ಳನ್ನು ಎಂದಿಗೂ ಆಡಕೂಡದು. ಆದರೆ ತನ್ನ ಮೇಲೆಯೇ ಹೊರಿಸಿದ ಅಪರಾಧದ ವಿಷಯದಲ್ಲಿ, ವಕೀಲರೊಬ್ಬರ ಸಲಹೆಯನ್ನು ಪಡೆಯುವ ತನಕ ತಾಳಿಕೊಂಡಿರುವುದೇ ವಿವೇಕವು. ತನ್ನನ್ನು ತಾನೇ ಸಿಕ್ಕಿಸಿಕೊಳ್ಳುವಂತಹ ಉತ್ತರವನ್ನು ಕೊಡಬೇಕೆಂಬ ಕಟ್ಟು ಈ ದೇಶದ ಯಾವ ಪ್ರಜೆಗೂ ಇಲ್ಲ. ಈ ಮಾತನ್ನು ನಾವು ಕಳ್ಳರ ಕ್ಷೇಮಕ್ಕಾಗಿ ಬರೆಯುತ್ತಿಲ್ಲ. ನಿರಪರಾಧಿಗಳ ಕ್ಷೇಮಕ್ಕಾಗಿ ಬರೆಯುತ್ತಿದ್ದೇವೆ.

ನಮ್ಮ ಜಿಲ್ಲೆಯವರಿಗೆ ಈ ಮಾತು ಮೊದಲ ಸಲ ಕೇಳಿದಾಗ ಹಿಡಿಸಲಾರದೆಂಬುದನ್ನು ಬಲ್ಲೆವು. ತುಳುನಾಡಿನಲ್ಲಿ ಸತ್ಯವೆಂಬುದು ಬರಿಯ ಗುಣವಲ್ಲ. ದೈವಗಳನ್ನು ನಮ್ಮ ಜನರು 'ಸತ್ಯೊಲು' ಎಂದೇ ಕರೆಯುತ್ತಾರೆ. ಕಳವಿನ ಸಂಶಯ ಬಂದರೆ, ಗಡಿಯ ತಕರಾರು ಹುಟ್ಟಿದರೆ, ಪಡೆದ ಹಣವನ್ನು ಪಡೆದಿಲ್ಲವೆಂದು ಒಬ್ಬನು ಹೇಳಿದರೆ, ಧರ್ಮಸ್ಥಳಕ್ಕೋ ಕಾಸರಗೋಡು ಕಡೆಯ ಕಾನತ್ತೂರಿಗೋ ಹೋಗಿ ಆಣೆ ಪ್ರಮಾಣದಿಂದ ವ್ಯಾಜ್ಯವನ್ನು ತೀರಿಸಿಕೊಳ್ಳುವ ವಾಡಿಕೆಯು ತಲೆತಲಾಂತರದಿಂದ ನಡೆದುಬಂದಿರುತ್ತದೆ. ಆಣೆಗೆ ಹಿಂಜರಿದವನನ್ನು ಊರು ತಪ್ಪಿತಸ್ಥನೆಂದೇ ಎಣಿಸುತ್ತದೆ. 'ಮೌನಂ ಸಮ್ಮತಿಲಕ್ಷಣಂ' ಎಂಬ ಸಂಸ್ಕೃತದ ಮಾತೂ, 'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬ ಕನ್ನಡದ ಗಾದೆಯೂ ಈ ಎಣಿಕೆಗೆ ಬೆಂಬಲವಾಗಿ ನಿಂತಿವೆ. ಹೀಗೆ ಬೆಳೆದ ಮನುಷ್ಯನು ಠಾಣೆಗೆ ಹೋದಾಗಲೂ, ತಾನು ಸುಮ್ಮನಿದ್ದರೆ ಕಳ್ಳನೆನಿಸಿಕೊಳ್ಳುವೆನೆಂದು ಅಂಜಿ, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡತೊಡಗುತ್ತಾನೆ.

ಆದರೆ ದೈವದ ಸನ್ನಿಧಿಯೂ ಪೋಲೀಸು ಠಾಣೆಯೂ ಒಂದೇ ಅಲ್ಲ. ಸನ್ನಿಧಿಯಲ್ಲಿ ಮನುಷ್ಯನು ತನ್ನ ಬಾಯಿಂದ, ತನ್ನ ಭಾಷೆಯಲ್ಲಿ, ಹತ್ತು ಜನರ ಎದುರಿನಲ್ಲಿ ನುಡಿಯುತ್ತಾನೆ. ಆಡಿದ ಮಾತು ಆಡಿದಂತೆಯೇ ಉಳಿಯುತ್ತದೆ. ಅಲ್ಲಿ ಅವನ ಮೈಮೇಲೆ ಕೈಮಾಡುವವರು ಯಾರೂ ಇಲ್ಲ. ಬೇಕಾದರೆ ಆಣೆಯನ್ನಿಡದೆ ಎದ್ದು ಬರಬಹುದು. ಠಾಣೆಯಲ್ಲಿಯಾದರೋ ಅವನು ಒಬ್ಬಂಟಿಗನು. ಪ್ರಶ್ನೆ ಇನ್ನೊಬ್ಬರದು, ಲೇಖನಿ ಇನ್ನೊಬ್ಬರದು. ಹೊರಗೆ ಕಾದಿರುವ ಮನೆಯವರಿಗೆ ಒಳಗೆ ನಡೆದ ಮಾತು ಕೇಳಿಸುವುದಿಲ್ಲ.

ಭಾಷೆಯ ಸಂಗತಿಯೊಂದೇ ಸಾಕು. ಬೆಳುವಾಯಿಯ ಕೂಲಿಯವನು ಮಾತನಾಡುವುದು ತುಳುವಿನಲ್ಲಿ. ಠಾಣೆಯ ರೈಟರು ಬರೆದುಕೊಳ್ಳುವುದು ಕನ್ನಡದಲ್ಲಿ, ಅದೂ ಕಚೇರಿಯ ಕನ್ನಡದಲ್ಲಿ. ಇಬ್ಬರ ಜಗಳವನ್ನು ಬಿಡಿಸಲು ಹೋದವನು "ಯಾನ್ ಆಯನ್ ಪತ್ತಿಯೆ" ಎಂದು ಹೇಳಿದರೆ, ಪೆಟ್ಟು ತಗಲದಂತೆ ತಡೆದೆನೆಂಬುದು ಅವನ ಮನಸ್ಸಿನಲ್ಲಿರುವ ಅರ್ಥವು. ಕಾಗದದ ಮೇಲೆ ಅದು "ನಾನು ಆತನನ್ನು ಹಿಡಿದುಕೊಂಡೆನು" ಎಂದಾಗುತ್ತದೆ. ಹೊಡೆಯುವವನಿಗೆ ಅನುಕೂಲವಾಗಲೆಂದು ಹಿಡಿದುಕೊಂಡನೆಂದು ಅದನ್ನು ಓದುವುದಕ್ಕೆ ಎಷ್ಟು ಹೊತ್ತು ಬೇಕು? ಬರೆದವನಲ್ಲಿ ದುರುದ್ದೇಶವಿರಬೇಕೆಂದೇ ಇಲ್ಲ, ಅವಸರವೊಂದಿದ್ದರೆ ಸಾಕು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಇದು ಕಲ್ಪನೆಯ ಭಯವೆನ್ನುವವರು ಕೊಡಗಿನ ಕಡೆಗೊಮ್ಮೆ ನೋಡಲಿ. 2020ರಲ್ಲಿ ಕುಶಾಲನಗರದ ಸಮೀಪದ ಗಿರಿಜನ ಕೂಲಿಕಾರನೊಬ್ಬನು ತನ್ನ ಹೆಂಡತಿಯು ಕಾಣೆಯಾಗಿರುವಳೆಂದು ತಾನಾಗಿಯೇ ಠಾಣೆಗೆ ಹೋಗಿ ದೂರು ಕೊಟ್ಟನು. ಕೆಲವು ತಿಂಗಳ ಬಳಿಕ ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರವು ದೊರೆಯಿತು. ಅದು ಅವನ ಹೆಂಡತಿಯದೇ ಎಂದೂ, ಕೊಂದವನು ಅವನೇ ಎಂದೂ ಅವನನ್ನು ದಸ್ತಗಿರಿ ಮಾಡಿದರು. ದೂರು ಕೊಟ್ಟವನೇ ಆಪಾದಿತನಾದನು. ಹೆಂಡತಿಯು ಮನೆಬಿಟ್ಟು ಹೋಗಿರುವಳೆಂಬ ಅವನ ಮಾತಿಗೆ ಬೆಲೆ ಬರಲಿಲ್ಲ. ಡಿಎನ್‌ಎ ಪರೀಕ್ಷೆಯು ಆ ಎಲುಬುಗಳು ಆಕೆಯವೆಂಬುದನ್ನು ಸಮರ್ಥಿಸದಿದ್ದರೂ ಮೊಕದ್ದಮೆಯು ಮುಂದುವರಿಯಿತು. ಸುಮಾರು ಒಂದೂವರೆ ವರ್ಷವನ್ನು ಅವನು ಸೆರೆಮನೆಯಲ್ಲಿ ಕಳೆದನು. ಕೊನೆಗೆ 2025ರ ಏಪ್ರಿಲ್ 1ರಂದು ಆ ಹೆಂಗಸು ಮಡಿಕೇರಿಯಲ್ಲಿ ಜೀವಂತಳಾಗಿ ಕಾಣಿಸಿಕೊಂಡಳು! ಅದೇ ತಿಂಗಳಲ್ಲಿ ಮೈಸೂರಿನ ಸೆಷನ್ಸ್ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರವನ್ನು ಕೊಡಬೇಕೆಂದು ವಿಧಿಸಿತು. ಸತ್ತಳೆಂದವಳು ಬದುಕಿ ಬಾರದಿದ್ದರೆ ಅವನ ಗತಿಯು ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಲಿ. 'ನಾನು ತಪ್ಪು ಮಾಡಿಲ್ಲ, ನನಗೇನು ಭಯ' ಎಂಬ ಮಾತು ಎಷ್ಟು ತೆಳುವಾದ ಕೊಡೆಯೆಂಬುದನ್ನು ಈ ಒಂದು ಪ್ರಕರಣವೇ ತೋರಿಸುತ್ತದೆ.

ಮಾಡದ ತಪ್ಪನ್ನು ಒಬ್ಬನು ಒಪ್ಪಿಕೊಳ್ಳುವುದೂ ಉಂಟೆ ಎಂದು ಕೆಲವರು ಕೇಳಬಹುದು. ಉಂಟು. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಹೆಂಗಸೊಬ್ಬಳ ಮೇಲೆ ನಡೆದ ಘೋರ ಅತ್ಯಾಚಾರಕ್ಕಾಗಿ ಐವರು ಹುಡುಗರನ್ನು ಹಿಡಿದು ಗಂಟೆಗಟ್ಟಲೆ ಪ್ರಶ್ನಿಸಿದರು. ಅವರಲ್ಲಿ ನಾಲ್ವರು ಕ್ಯಾಮೆರಾದ ಎದುರಿನಲ್ಲಿಯೇ ತಪ್ಪೊಪ್ಪಿಕೊಂಡರು, ಐವರಿಗೂ ಶಿಕ್ಷೆಯಾಯಿತು. 2002ರಲ್ಲಿ ಬೇರೊಬ್ಬನು ಆ ಕೃತ್ಯವು ತನ್ನದೆಂದು ಹೇಳಿದನು; ಪ್ರಯೋಗಾಲಯದ ಪರೀಕ್ಷೆಯೂ ಅವನನ್ನೇ ತೋರಿಸಿತು; ಐವರ ಮೇಲಿನ ತೀರ್ಪೂ ರದ್ದಾಯಿತು. ಆ ಹುಡುಗರು ಒಪ್ಪಿಕೊಂಡದ್ದೇಕೆ? ಒಪ್ಪಿಕೊಂಡರೆ ಮನೆಗೆ ಹೋಗಬಹುದೆಂದು ನಂಬಿದರು. ನಿದ್ರೆಯಿಲ್ಲದ, ದಣಿದ, ಹೆದರಿದ ಮನುಷ್ಯನಿಗೆ ನಾಳೆಯ ಗಲ್ಲಿಗಿಂತ ಈ ಹೊತ್ತಿನ ಬಿಡುಗಡೆಯೇ ದೊಡ್ಡದಾಗಿ ಕಾಣುತ್ತದೆ.

ಈ ಮನುಷ್ಯಸ್ವಭಾವವನ್ನು ನಮ್ಮ ದೇಶದ ಕಾನೂನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಜನರ ಮೈಮೇಲಿನ ಬಾಸುಂಡೆಗಳಿಂದ ಕಲಿಯಿತು. ಕನ್ನಡ ಜಿಲ್ಲೆಯು 1799ರಿಂದ ಕಂಪೆನಿಯ ಮದರಾಸು ಆಧಿಪತ್ಯಕ್ಕೆ ಸೇರಿದ್ದಷ್ಟೆ. ಆಗ ಕಂದಾಯದ ವಸೂಲಿಯೂ ಪೋಲೀಸು ಅಧಿಕಾರವೂ ತಹಶೀಲ್ದಾರನೊಬ್ಬನ ಕೈಯಲ್ಲಿಯೇ ಇದ್ದವು. ಆ ಆಧಿಪತ್ಯದಲ್ಲಿ ನಡೆಯುತ್ತಿದ್ದ ಚಿತ್ರಹಿಂಸೆಯ ಸಂಗತಿಯು ವಿಲಾಯಿತಿಯ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದು, ಅದರ ವಿಚಾರಣೆಗೆ ನೇಮಕವಾದ ಮಂಡಲಿಯು 1855ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಬೆರಳುಗಳನ್ನು ಮರದ ಪಟ್ಟಿಗಳ ನಡುವೆ ಸಿಕ್ಕಿಸಿ ಹಿಚುಕುವ 'ಕಿಟ್ಟಿ'ಯೂ, ತಲೆಯನ್ನು ಬಗ್ಗಿಸಿ ಕಾಲಿಗೆ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವ ಕ್ರಮವೂ ಆ ವರದಿಯಲ್ಲಿ ದಾಖಲಾಗಿವೆ. ತೆರಿಗೆಯನ್ನು ಹಿಂಡುವುದಕ್ಕೂ ತಪ್ಪೊಪ್ಪಿಗೆಯನ್ನು ಹಿಂಡುವುದಕ್ಕೂ ಉಪಯೋಗಿಸಿದ ಸಾಧನವು ಒಂದೇ ಆಗಿತ್ತು.

ಆ ಅನುಭವದ ತರುವಾಯ ಬಂದ 1861ರ ದಂಡಪ್ರಕ್ರಿಯಾ ಸಂಹಿತೆಯು, ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯು ನ್ಯಾಯಾಸ್ಥಾನದಲ್ಲಿ ಸಾಕ್ಷ್ಯವಾಗಕೂಡದೆಂದು ವಿಧಿಸಿತು. 1872ರ ಸಾಕ್ಷ್ಯ ಕಾಯಿದೆಯ 25 ಮತ್ತು 26ನೆಯ ಕಲಮುಗಳು ಅದನ್ನೇ ಮುಂದುವರಿಸಿದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿಯೂ ಅದೇ ನಿಯಮವು ಉಳಿದಿದೆ. ಪರಕೀಯ ಸರಕಾರವೇ ತನ್ನ ಪೋಲೀಸರ ಮಾತನ್ನು ನಂಬಲಾರದೆ ಬರೆದ ಈ ನಿಯಮವನ್ನು ಸ್ವತಂತ್ರ ಭಾರತವೂ ಕೈಬಿಡಲಿಲ್ಲವೆಂಬುದು ಯೋಚಿಸತಕ್ಕ ಸಂಗತಿಯು.

ಠಾಣೆಯಲ್ಲಿ ಹೇಳಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯೇ ಇಲ್ಲವೆಂದ ಮೇಲೆ ಏನು ಹೇಳಿದರೇನು ಎಂದು ಬುದ್ಧಿವಂತರಾದ ವಾಚಕರು ಕೇಳಬಹುದು. ಅಪಾಯವಿರುವುದು ಇಲ್ಲಿಯೇ. ಮೊದಲನೆಯದಾಗಿ, ಹಳೆಯ 27ನೆಯ ಕಲಮಿನಲ್ಲಿದ್ದ ವಿನಾಯಿತಿಯು ಹೊಸ ಕಾಯಿದೆಯಲ್ಲಿಯೂ ಇದೆ: ವಶದಲ್ಲಿರುವವನು ಹೇಳಿದ್ದರಿಂದ ಒಂದು ವಸ್ತುವೋ ಸಂಗತಿಯೋ ಬೆಳಕಿಗೆ ಬಂದರೆ, ಹೇಳಿಕೆಯ ಅಷ್ಟು ಭಾಗವು ಸಾಕ್ಷ್ಯವಾಗುತ್ತದೆ. 'ಸ್ವ-ಇಚ್ಛಾ ಹೇಳಿಕೆ' ಎಂಬ ತಲೆಬರಹದ ಕೆಳಗೆ, 'ನನ್ನನ್ನು ಕರೆದುಕೊಂಡು ಹೋದಲ್ಲಿ ಸ್ಥಳವನ್ನು ತೋರಿಸಿಕೊಡುತ್ತೇನೆ' ಎಂದು ಮುಗಿಯುವ ಕಾಗದಗಳನ್ನು ನೋಡದ ವಕೀಲರು ನಮ್ಮ ನಾಡಿನಲ್ಲಿ ಇರಲಾರರು. ಎರಡನೆಯದಾಗಿ, ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯಿದೆ, 2000, ಇಂತಹ ವಿಶೇಷ ಕಾಯಿದೆಗಳಲ್ಲಿ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯು ಬರೆದುಕೊಂಡ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗಬಲ್ಲುದು. ಮೂರನೆಯದಾಗಿ, ನ್ಯಾಯಾಲಯವು ಒಪ್ಪದ ತಪ್ಪೊಪ್ಪಿಗೆಯನ್ನು ಊರು ಒಪ್ಪಿಬಿಡುತ್ತದೆ. 'ಆರೋಪಿಯು ತಪ್ಪೊಪ್ಪಿಕೊಂಡಿದ್ದಾನೆ' ಎಂಬ ಒಂದು ಸಾಲು ಸುದ್ದಿಯಾಗಿ ಹಬ್ಬಿದರೆ, ಹತ್ತು ವರ್ಷದ ಬಳಿಕ ಬರುವ ಖುಲಾಸೆಯ ತೀರ್ಪು ಅದನ್ನು ಅಳಿಸಲಾರದು. ಪೋಲೀಸರ ಮುಂದೆ ಆಯಿತೆನ್ನುವ ತಪ್ಪೊಪ್ಪಿಗೆಯನ್ನು ಸಾಬೀತಾದ ಸಂಗತಿಯೆಂಬಂತೆ ಪತ್ರಿಕೆಗಳು ಅಚ್ಚುಹಾಕಕೂಡದೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಸಾಕ್ಷ್ಯದ ನಿಯಮಕ್ಕಿಂತ ಮೇಲಾದ ರಕ್ಷಣೆಯು ನಮ್ಮ ಸಂವಿಧಾನದ್ದು. ಅಪರಾಧದ ಆಪಾದನೆಗೊಳಗಾದ ಯಾವನನ್ನೂ ತನಗೆ ವಿರುದ್ಧವಾಗಿ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂದು ಅದರ 20ನೆಯ ಅನುಚ್ಛೇದದ ಮೂರನೆಯ ಖಂಡವು ಸಾರುತ್ತದೆ. ಈ ತತ್ತ್ವದ ಬೆಲೆಯನ್ನು ಬೇರೆ ದೇಶದವರೂ ರಕ್ತವನ್ನು ಕೊಟ್ಟೇ ತಿಳಿದರು. ತನಗೆ ವಿರುದ್ಧವಾಗಿ ಉತ್ತರಿಸುವಂತೆ ಬಲಾತ್ಕಾರದ ಆಣೆಯನ್ನಿಡಲೊಲ್ಲದ ಜಾನ್ ಲಿಲ್‌ಬರ್ನನನ್ನು ಇಂಗ್ಲೆಂಡಿನ ಸ್ಟಾರ್ ಚೇಂಬರ್ ಎಂಬ ನ್ಯಾಯಸಭೆಯು 1638ರಲ್ಲಿ ಬೀದಿಯುದ್ದಕ್ಕೂ ಚಾವಟಿಯಿಂದ ಹೊಡೆಯಿಸಿತು. ಮೂರು ವರ್ಷಗಳಲ್ಲಿ ಆ ನ್ಯಾಯಸಭೆಯೇ ರದ್ದಾಯಿತು. ಆಣೆಯು ಮನಸ್ಸಿನಿಂದ ಬಂದರೆ ಧರ್ಮ, ಮೇಲಿನಿಂದ ಹೇರಿದರೆ ಹಿಂಸೆ ಎಂಬುದು ತುಳುನಾಡಿನವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಈ ಅನುಚ್ಛೇದದ ರಕ್ಷಣೆಯು ನ್ಯಾಯಾಲಯದ ಕಟಕಟೆಗೆ ಮಾತ್ರ ಸಂಬಂಧಿಸಿದ್ದೋ, ಪೋಲೀಸು ಠಾಣೆಗೂ ಸಲ್ಲುವುದೋ ಎಂಬ ಪ್ರಶ್ನೆಯು 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಒರಿಸ್ಸಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪಥಿಯವರನ್ನು ಕಟಕದ ವಿಜಿಲೆನ್ಸ್ ಠಾಣೆಗೆ ಕರೆಸಿ, ಉದ್ದವಾದ ಪ್ರಶ್ನಾವಳಿಯೊಂದನ್ನು ಅವರ ಮುಂದಿಟ್ಟಿದ್ದರು. ಅವರು ಉತ್ತರಿಸಲೊಪ್ಪದಿರಲು ಅದಕ್ಕಾಗಿಯೇ ಅವರ ಮೇಲೆ ಮೊಕದ್ದಮೆಯನ್ನು ಹೂಡಿದರು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಸಂವಿಧಾನದ ರಕ್ಷಣೆಯನ್ನು ಠಾಣೆಯ ಒಳಗಿನ ತನಕ ವಿಸ್ತರಿಸಿತು; ಮೈಮೇಲಿನ ಪೆಟ್ಟು ಮಾತ್ರವಲ್ಲ, ಬೆದರಿಕೆಯೂ ಮನಸ್ಸನ್ನು ಕುಗ್ಗಿಸುವ ದೀರ್ಘ ಪ್ರಶ್ನೆಯೂ ಬಲಾತ್ಕಾರವೇ ಎಂದಿತು; ಆಪಾದಿತನು ಬಯಸಿದರೆ ವಕೀಲರನ್ನು ಹತ್ತಿರವಿರಗೊಡಬೇಕೆಂದಿತು. ಆದರೆ ತನ್ನನ್ನು ಸಿಕ್ಕಿಸದ ಸಾಮಾನ್ಯ ಪ್ರಶ್ನೆಗಳಿಗೆ ಉತ್ತರಿಸಲೇಬೇಕೆಂಬುದನ್ನೂ ಅದೇ ತೀರ್ಪು ಹೇಳಿತೆಂಬುದನ್ನು ಮರೆಯಕೂಡದು.

ನಮ್ಮ ರಾಜ್ಯದ ಹೆಸರನ್ನೇ ಹೊತ್ತ ಇನ್ನೊಂದು ತೀರ್ಪೂ ಉಂಟು. ಮದ್ದನ್ನು ಚುಚ್ಚಿ, ಎಚ್ಚರ ತಪ್ಪಿಸಿ, ಬಾಯಿಬಿಡಿಸುವ ನಾರ್ಕೋ ಪರೀಕ್ಷೆಗೆ ಒಂದು ಕಾಲದಲ್ಲಿ ಬೆಂಗಳೂರು ಹೆಸರಾಗಿತ್ತು. ಅನ್ಯ ರಾಜ್ಯಗಳ ಪೋಲೀಸರೂ ಆಪಾದಿತರನ್ನು ಅಲ್ಲಿಗೆ ಕರೆತರುತ್ತಿದ್ದರು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಮನುಷ್ಯನ ಒಪ್ಪಿಗೆಯಿಲ್ಲದೆ ನಾರ್ಕೋ ಪರೀಕ್ಷೆಯನ್ನಾಗಲಿ, ಸುಳ್ಳುಪತ್ತೆಯ ಯಂತ್ರದ ಪರೀಕ್ಷೆಯನ್ನಾಗಲಿ, ಮಿದುಳಿನ ಪರೀಕ್ಷೆಯನ್ನಾಗಲಿ ಮಾಡಕೂಡದೆಂದು ತೀರ್ಮಾನಿಸಿತು. ಬೆರಳಚ್ಚು, ಕೈಬರಹದ ಮಾದರಿ ಮೊದಲಾದವುಗಳು ಈ ರಕ್ಷಣೆಗೆ ಒಳಪಡುವುದಿಲ್ಲವೆಂದು 1961ರಲ್ಲಿಯೇ ಹನ್ನೊಂದು ಮಂದಿ ನ್ಯಾಯಮೂರ್ತಿಗಳ ಪೀಠವು ಹೇಳಿರುತ್ತದೆ. ಮೈಯಿಂದ ಗುರುತನ್ನು ಪಡೆಯಬಹುದು, ಮನಸ್ಸಿನೊಳಗೆ ಕೈಯಿಕ್ಕಲಾಗದು. ಕಾನೂನು ಎಳೆದ ಗೆರೆಯು ಇದು.

ಇದಕ್ಕೆ ದೇಶಭಕ್ತರ ಕಡೆಯಿಂದ ಒಂದು ಆಕ್ಷೇಪವು ಬರಬಹುದು. ಏನನ್ನೂ ಬಚ್ಚಿಡಬಾರದೆಂಬುದಲ್ಲವೆ ಗಾಂಧೀಜಿಯವರು ಕಲಿಸಿದ ಪಾಠ? 1922ರ ಮಾರ್ಚ್ 18ರಂದು ಅಹಮದಾಬಾದಿನ ನ್ಯಾಯಾಲಯದಲ್ಲಿ ಅವರು ತಮ್ಮ ಮೇಲಿನ ಆರೋಪವನ್ನು ತಾವೇ ಒಪ್ಪಿಕೊಂಡು ಆರು ವರ್ಷದ ಶಿಕ್ಷೆಯನ್ನು ತಲೆಬಾಗಿ ಸ್ವೀಕರಿಸಲಿಲ್ಲವೆ? ಕಾರ್ನಾಡು ಸದಾಶಿವರಾಯರಂತಹ ತ್ಯಾಗಿಗಳು ಸೆರೆಮನೆಗೆ ನಡೆದ ಜಿಲ್ಲೆಯಲ್ಲಿ ಮೌನದ ಪಾಠವನ್ನು ಹೇಳುವುದು ಸರಿಯೆ? ಈ ಆಕ್ಷೇಪವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಸತ್ಯಾಗ್ರಹಿಯು ತಾನು ಬೇಕೆಂದೇ ಮಾಡಿದ ಕಾರ್ಯವನ್ನು, ಲೋಕವೆಲ್ಲ ಕೇಳುವಂತೆ, ನ್ಯಾಯಾಧೀಶರ ಎದುರಿನಲ್ಲಿ, ತನ್ನ ಮಾತಿನಲ್ಲಿಯೇ ಒಪ್ಪಿಕೊಂಡನು. ಅಡಿಕೆಯ ಕಳವಿನ ಸಂಶಯಕ್ಕೆ ಗುರಿಯಾದ ಕೂಲಿಯವನಿಗೆ ಒಪ್ಪಿಕೊಳ್ಳಲು ಕಾರ್ಯವೇ ಇಲ್ಲ. ಅವನಿರುವುದು ನಾಲ್ಕು ಗೋಡೆಗಳ ಒಳಗೆ. ಬರೆಯುತ್ತಿರುವ ಮಾತು ಅವನದಲ್ಲ. ಅಹಮದಾಬಾದಿನಲ್ಲಿ ನುಡಿದದ್ದು ಧೈರ್ಯ. ಇಲ್ಲಿ ಹೊರಡುವುದು ಹೆದರಿಕೆ. ಸತ್ಯವು ಧೈರ್ಯದ ಮಗುವೇ ಹೊರತು ಹೆದರಿಕೆಯದಲ್ಲ. ಮೌನವು ಸುಳ್ಳಲ್ಲವೆಂಬುದನ್ನೂ ನೆನಪಿಡಬೇಕು. 'ಈ ವಿಷಯವನ್ನು ನನ್ನ ವಕೀಲರನ್ನು ಕಂಡ ಮೇಲೆ ಹೇಳುವೆನು' ಎನ್ನುವವನು ಸತ್ಯವನ್ನು ಕೊಲ್ಲುವುದಿಲ್ಲ. ಅದನ್ನು ಹೇಳತಕ್ಕ ಸ್ಥಳಕ್ಕೆ ಕಾದಿರಿಸುತ್ತಾನೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಈಗಿನ ಪೋಲೀಸರು ಪರಕೀಯರ ಪೋಲೀಸರಲ್ಲ, ನಮ್ಮವರೇ. ಎಲ್ಲರೂ ಬಾಯಿಮುಚ್ಚಿ ಕುಳಿತರೆ ಅಪರಾಧಿಗಳನ್ನು ಹಿಡಿಯುವ ಬಗೆ ಹೇಗೆ? ಇದಕ್ಕೆ ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿನ ದುರಂತವೇ ಉತ್ತರವನ್ನು ಕೊಡುತ್ತದೆ. 2012ರ ಅಕ್ಟೋಬರದಲ್ಲಿ ಅಲ್ಲಿ ಕಾಲೇಜಿನಿಂದ ಮನೆಗೆ ಮರಳುತ್ತಿದ್ದ ಹದಿನೇಳು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆಸಿ ಅವಳನ್ನು ಕೊಂದರು. ಸಂಶಯದ ಮೇಲೆ ಒಬ್ಬನನ್ನು ಹಿಡಿದು ಪೋಲೀಸರಿಗೊಪ್ಪಿಸಿದರು. ತನಿಖೆಯು ಜಿಲ್ಲೆಯ ಪೋಲೀಸರಿಂದ ಸಿ.ಐ.ಡಿ.ಗೆ, ಅಲ್ಲಿಂದ ಸಿ.ಬಿ.ಐ.ಗೆ ಹೋಯಿತು. ಹನ್ನೊಂದನೆಯ ವರ್ಷದಲ್ಲಿ, 2023ರ ಜೂನ್ ತಿಂಗಳಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯವು ಆ ಮನುಷ್ಯನನ್ನು ಬಿಡುಗಡೆ ಮಾಡಿತು. ಕೊಂದವರು ಯಾರೆಂಬುದು ಯಾವ ನ್ಯಾಯಾಲಯದಲ್ಲಿಯೂ ಸಿದ್ಧವಾಗಲಿಲ್ಲ. ಒಬ್ಬನು ಕೈಗೆ ಸಿಕ್ಕಿದೊಡನೆ ಹುಡುಕಾಟವು ನಿಂತುಬಿಡುವುದೇ ಇಂತಹ ಪ್ರಕರಣಗಳ ದೊಡ್ಡ ಅನರ್ಥವು. ಹೊಲದಲ್ಲಿಯ ಹೆಜ್ಜೆಗುರುತು, ಬೆರಳಚ್ಚು, ಫೋನಿನ ದಾಖಲೆ, ವೈದ್ಯರ ಪರೀಕ್ಷೆ ಇವುಗಳನ್ನು ಹೊತ್ತಿಗೆ ಸರಿಯಾಗಿ ಸಂಗ್ರಹಿಸುವ ಶ್ರಮವನ್ನು ತಪ್ಪೊಪ್ಪಿಗೆಯ ಸುಲಭವು ತಿಂದುಹಾಕುತ್ತದೆ. ಆಪಾದಿತನ ಮೌನವು ಒಳ್ಳೆಯ ತನಿಖೆಗೆ ಅಡ್ಡಿಯಲ್ಲ. ಸೋಮಾರಿ ತನಿಖೆಗೆ ಮಾತ್ರ ಅಡ್ಡಿ.

ಹಾಗೆಂದು ಎಲ್ಲರೂ ಎಲ್ಲ ಕಾಲದಲ್ಲಿಯೂ ಸುಮ್ಮನಿರತಕ್ಕದ್ದೆಂದು ನಾವು ಹೇಳಿದಂತಾಗಬಾರದು. ಸಾಕ್ಷಿಯು ಬೇರೆ, ಆಪಾದಿತನು ಬೇರೆ. ನೆರೆಮನೆಯ ಕಳವನ್ನು ಕಂಡವನು, ರಸ್ತೆಯ ಅಪಘಾತವನ್ನು ನೋಡಿದವನು, ಹೆಂಗಸಿನ ಮೇಲಿನ ಹಿಂಸೆಯನ್ನು ಬಲ್ಲವನು ಪೋಲೀಸರಿಗೆ ಕಂಡದ್ದನ್ನು ಕಂಡಂತೆ ತಿಳಿಸುವುದು ಕಾನೂನಿನ ಕಟ್ಟು ಮಾತ್ರವಲ್ಲ, ನಾಗರಿಕನ ಧರ್ಮವು. 'ನಮಗೇಕೆ ಊರ ಉಸಾಬರಿ' ಎಂದು ಸಾಕ್ಷಿಗಳು ಮನೆಯೊಳಗೆ ಕುಳಿತಾಗಲೇ ಪೋಲೀಸರು ಆಪಾದಿತನ ಬಾಯಿಯನ್ನು ನೆಚ್ಚಬೇಕಾಗಿ ಬರುವುದು. ನೋಡಿದವರು ಮಾತನಾಡಿದರೆ ಸಂಶಯಕ್ಕೊಳಗಾದವನ ಬಾಯಿಬಿಡಿಸುವ ಅಗತ್ಯವು ಬಹುಮಟ್ಟಿಗೆ ಬೀಳಲಾರದು.

ಇನ್ನು ಸಂಶಯಕ್ಕೆ ಗುರಿಯಾದವನು ನಡೆದುಕೊಳ್ಳಬೇಕಾದ ರೀತಿಯನ್ನು ಸಂಕ್ಷೇಪವಾಗಿ ಹೇಳುವೆವು. ಫೋನಿನಲ್ಲಿ ಕರೆದರೆ, ಯಾವ ಪ್ರಕರಣಕ್ಕಾಗಿ, ಸಾಕ್ಷಿಯಾಗಿಯೋ ಆಪಾದಿತನಾಗಿಯೋ ಎಂದು ವಿನಯದಿಂದ ಕೇಳಿ, ಬರಹದ ನೋಟೀಸನ್ನು ಬೇಡಬಹುದು. ದಸ್ತಗಿರಿ ಅನಗತ್ಯವಾದಾಗ ನಾಗರಿಕ ಸುರಕ್ಷಾ ಸಂಹಿತೆಯ 35ನೆಯ ಕಲಮಿನಂತೆ ಹಾಜರಾತಿಯ ನೋಟೀಸನ್ನು ಕೊಡಬೇಕು. ಅದನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದರೆ ಸಾಲದೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿರುತ್ತದೆ. ನೋಟೀಸು ಬಂದ ಮೇಲೆ ತಪ್ಪಿಸಿಕೊಳ್ಳಕೂಡದು. ತಪ್ಪಿಸಿಕೊಂಡರೆ ಅದೇ ದಸ್ತಗಿರಿಗೆ ಕಾರಣವಾಗುತ್ತದೆ. ಒಬ್ಬನೇ ಹೋಗದೆ, ಮನೆಯವರಿಗೆ ತಿಳಿಸಿ, ಮರ್ಯಾದಸ್ಥರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಲೇಸು. ಹೆಂಗಸರನ್ನೂ, ಹದಿನೈದು ವರ್ಷದೊಳಗಿನ ಹುಡುಗರನ್ನೂ, ಅರುವತ್ತು ದಾಟಿದ ಗಂಡಸರನ್ನೂ, ಅಂಗವಿಕಲರನ್ನೂ, ತೀವ್ರವಾದ ರೋಗವುಳ್ಳವರನ್ನೂ ಸಾಕ್ಷ್ಯದ ವಿಚಾರಣೆಗಾಗಿ ಠಾಣೆಗೆ ಬರಹೇಳಲಾಗದು. ಅಧಿಕಾರಿಯೇ ಅವರಿದ್ದಲ್ಲಿಗೆ ಹೋಗಿ ಕೇಳತಕ್ಕದ್ದು.

ಠಾಣೆಯಲ್ಲಿ ಗಟ್ಟಿದನಿ ಬೇಡ, ವಾದವೂ ಬೇಡ. 'ಈ ಪ್ರಶ್ನೆಗೆ ವಕೀಲರೊಡನೆ ಮಾತನಾಡಿದ ಮೇಲೆ ಉತ್ತರಿಸುವೆನು' ಎಂಬ ಒಂದು ವಾಕ್ಯವು ಸಾಕು. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಹೇಳಿದವನ ಸಹಿಯನ್ನು ಹಾಕಿಸತಕ್ಕದ್ದಲ್ಲವೆಂದು ಕಾನೂನೇ ಹೇಳುತ್ತದೆ. ಬರಿಯ ಕಾಗದಕ್ಕಂತೂ ಯಾವ ಕಾರಣಕ್ಕೂ ರುಜು ಮಾಡಕೂಡದು. ದಸ್ತಗಿರಿಯಾದರೆ ಕಾರಣವನ್ನು ತಿಳಿದುಕೊಳ್ಳುವ, ಬಂಧುವಿಗೋ ಮಿತ್ರನಿಗೋ ಸುದ್ದಿ ಮುಟ್ಟಿಸುವ, ವಿಚಾರಣೆಯ ನಡುವೆ ವಕೀಲರನ್ನು ಕಾಣುವ, ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕುಗಳುಂಟು. ಪ್ರಯಾಣದ ಹೊತ್ತನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಪೆಟ್ಟು ಬಿದ್ದಿದ್ದರೆ ಅಲ್ಲಿ ಹೇಳಲು ಹೆದರಕೂಡದು; ಒಪ್ಪಿಗೆಗಾಗಿ ಹಿಂಸಿಸಿದ ಅಧಿಕಾರಿಗೆ ಏಳು ವರ್ಷದ ತನಕ, ಪೆಟ್ಟು ಘೋರವಾಗಿದ್ದರೆ ಹತ್ತು ವರ್ಷದ ತನಕ ಶಿಕ್ಷೆಯುಂಟು. ನಿಜವಾಗಿ ತಪ್ಪು ಮಾಡಿ ಪಶ್ಚಾತ್ತಾಪಪಡುವವನಿಗೂ ದಾರಿಯು ಮ್ಯಾಜಿಸ್ಟ್ರೇಟರ ಮುಂದೆಯೇ ಇದೆ. ಒಪ್ಪಿಕೊಳ್ಳಬೇಕಾದ ಕಟ್ಟು ನಿನಗಿಲ್ಲ, ಒಪ್ಪಿಕೊಂಡರೆ ಅದು ನಿನಗೆ ವಿರುದ್ಧವಾಗಬಹುದು ಎಂದು ಅವರು ಮೊದಲು ಎಚ್ಚರಿಸುತ್ತಾರೆ. ಅವನು ಒಲ್ಲೆನೆಂದರೆ ಆ ಕಾರಣಕ್ಕಾಗಿ ಅವನನ್ನು ತಿರುಗಿ ಪೋಲೀಸರ ವಶಕ್ಕೆ ಒಪ್ಪಿಸುವಂತಿಲ್ಲ.

ವಕೀಲರಿಗೆ ಕೊಡಲು ಹಣವೆಲ್ಲಿ ಎಂಬುದೇ ಬಡವನ ಕೊನೆಯ ಪ್ರಶ್ನೆಯು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಬಂಧನದಲ್ಲಿರುವವರಿಗೂ, ಹೆಂಗಸರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ವಕೀಲರ ನೆರವು ಉಚಿತವಾಗಿ ದೊರೆಯತಕ್ಕದ್ದು. ಇದಕ್ಕಾಗಿ ಮಂಗಳೂರಿನಲ್ಲಿ ಜಿಲ್ಲಾ ಪ್ರಾಧಿಕಾರವಿದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಪಂಚಾಯತಿನ ಗೋಡೆಯ ಮೇಲೂ ಬರೆಯಿಸಬೇಕೆಂದು ಬೆಳುವಾಯಿ ಮೊದಲಾದ ಪಂಚಾಯತಿನವರಿಗೆ ನಮ್ಮ ಸೂಚನೆಯು. ಫೋನಿನ ಪರದೆಯ ಮೇಲೆಯೇ ನಿಮ್ಮನ್ನು ಬಂಧಿಸಿದ್ದೇವೆಂದು ಹೆದರಿಸಿ ಹಣವನ್ನು ದೋಚುವ 'ಡಿಜಿಟಲ್ ಅರೆಸ್ಟ್' ಎಂಬ ಮೋಸಕ್ಕೆ ವಿದ್ಯಾವಂತರೂ ಬಲಿಯಾಗುತ್ತಿರುವುದು, ಪೋಲೀಸರ ಅಧಿಕಾರವು ಎಲ್ಲಿಗೆ ಮುಗಿಯುವುದೆಂಬುದನ್ನು ನಮ್ಮ ಜನರು ತಿಳಿಯದಿರುವುದರಿಂದಲೇ. ಅಂತಹ ಬಂಧನವೆಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ.

ಕೊನೆಯದಾಗಿ ಊರಿನ ಮಹಾಜನರಲ್ಲಿ ಒಂದು ಮಾತು. ಠಾಣೆಗೆ ಹೋಗಿ ಬಂದವನನ್ನು ಮರುದಿನ ಕೆಲಸಕ್ಕೆ ಕರೆಯದಿರುವುದು, ಅವನ ಮಕ್ಕಳನ್ನು ಕಂಡು ಪಿಸುಗುಟ್ಟುವುದು, 'ಬಾಯಿಬಿಡಲಿಲ್ಲವಂತೆ, ಅವನೇ ಇರಬೇಕು' ಎಂದು ಚಾವಡಿಯಲ್ಲಿ ಕುಳಿತು ತೀರ್ಪು ಕೊಡುವುದು, ಇವು ಲಾಠಿಗಿಂತ ಕಡಿಮೆಯ ಪೆಟ್ಟುಗಳಲ್ಲ. ಅನೇಕರು ಠಾಣೆಯಲ್ಲಿ ಬೇಡದ ಮಾತನ್ನಾಡಿ ಕೆಡುವುದು ಪೋಲೀಸರಿಗೆ ಹೆದರಿ ಅಲ್ಲ, ಊರಿನ ಬಾಯಿಗೆ ಹೆದರಿ. ಆಪಾದಿತನು ವಿಚಾರಣೆಯ ಕಾಲದಲ್ಲಿ ತಾನೇ ಸಾಕ್ಷಿಯಾಗಿ ನಿಲ್ಲದಿದ್ದರೆ ಅದರಿಂದ ಅವನು ತಪ್ಪಿತಸ್ಥನೆಂದು ಊಹಿಸಕೂಡದೆಂದು ಕಾನೂನು ನ್ಯಾಯಾಧೀಶರಿಗೇ ಆಜ್ಞಾಪಿಸಿದೆ. ನ್ಯಾಯಾಧೀಶರಿಗಿಲ್ಲದ ಅಧಿಕಾರವು ನೆರೆಹೊರೆಯವರಿಗೆ ಎಲ್ಲಿಂದ ಬಂದಿತು? ಸತ್ಯವನ್ನು ದೈವವೆಂದು ನಂಬಿದ ನಾಡು ಇದು. ಹೆದರಿಸಿ ಹೊರಡಿಸಿದ ಮಾತು ಆ ದೈವಕ್ಕೆ ಸಲ್ಲುವ ಕಾಣಿಕೆಯಲ್ಲವೆಂಬುದನ್ನು ನಮ್ಮ ಜನರು ಮನಗಂಡರೆ, ಬಡವನ ಮನೆಯ ಬಾಗಿಲಿಗೆ ಸಂಶಯವು ಬಂದ ದಿನ ಅವನು ತಲೆಯೆತ್ತಿ ಠಾಣೆಗೆ ಹೋಗಿ ತಲೆಯೆತ್ತಿಯೇ ಮನೆಗೆ ಬರುವಂತಾಗುವುದು.